ಹೊಸ ಆವೃತ್ತಿಗೆ ಕುಂಕುಮವಿಟ್ಟ ಪ್ರಸಂಗ

ಯಂತ್ರಗಳಿಗೂ ನನಗೂ ಒಂದು ಒಳ ಒಪ್ಪಂದವಿದೆ ಎಂದು ನಾನು ಬಹುಕಾಲ ನಂಬಿದ್ದೆ. ನಾನು ಹೇಳುವುದು, ಅವು ಕೇಳುವುದು. ಈ ಒಪ್ಪಂದದ ಒಂದು ಪ್ರತಿಯನ್ನು ಯಂತ್ರಗಳಿಗೂ ಕಳುಹಿಸಬೇಕಿತ್ತು ಎಂಬುದು ಮಾತ್ರ ಹೊಳೆದಿರಲಿಲ್ಲ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ವಿನ್ಯಾಸ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇರುವವರು ಇಬ್ಬರು. ಮುಖ್ಯಸ್ಥನಾದ ನಾನು ಮತ್ತು ಕೆಲಸ ಮಾಡುವ ಶೈಲಜಾ. ನಾವು ತಯಾರಿಸುವುದು ಫಿಕ್ಸ್ಚರುಗಳನ್ನು. ಲೋಹದ ಬಿಡಿಭಾಗಕ್ಕೆ ತೂತು ಕೊರೆಯುವಾಗ ಅದು ಮಿಸುಕದಂತೆ ಹಿಡಿದುಕೊಂಡು, ಡ್ರಿಲ್ ಇಲ್ಲೇ ಇಳಿಯಬೇಕು ಎಂದು ದಾರಿ ತೋರಿಸುವ ಉಕ್ಕಿನ ಚೌಕಟ್ಟಿಗೆ ಆ ಹೆಸರು. ನನ್ನ ಪತ್ನಿ ವಿಶಾಲಾಕ್ಷಿ ನೆಂಟರಿಗೆ ಇದನ್ನು ಹೀಗೆ ವಿವರಿಸುತ್ತಾಳೆ: "ಇವ್ರು ಐದು ನಿಮಿಷ ಒಂದು ಕಡೆ ಕೂರಲ್ಲ ಕಣ್ರೀ. ಅಂಥವ್ರಿಗೆ ಕಬ್ಬಿಣಾನ ಅಲ್ಲಾಡದ ಹಾಗೆ ಕೂರಿಸೋ ಕೆಲಸ ಕೊಟ್ಟಿದ್ದಾರೆ!"

ಆ ವರ್ಷ ದಸರೆಗೆ ಮುಂಚೆ ಜಿಗಣಿಯ ದೊಡ್ಡ ಕಂಪನಿಯೊಂದು ನಮ್ಮಿಂದ ಫಿಕ್ಸ್ಚರಿನ ವಿನ್ಯಾಸ ಕೇಳಿತ್ತು. ಒಪ್ಪಿಗೆಯಾದರೆ ನಮ್ಮ ಕಾರ್ಖಾನೆಗೆ ವರ್ಷವಿಡೀ ಕೆಲಸ. ಒಪ್ಪಿಗೆಯಾಗದಿದ್ದರೆ ಅದು ನಮ್ಮ ಹಿಂದಿನ ರಸ್ತೆಯ ಕಾರ್ಖಾನೆಯ ಪಾಲು. ಅಲ್ಲಿನ ವಿನ್ಯಾಸಕ ಒಂದು ಕಾಲಕ್ಕೆ ನನ್ನ ಪೆನ್ಸಿಲ್ ಚೂಪು ಮಾಡಿಕೊಡುತ್ತಿದ್ದವನು! ನಮ್ಮ ಮಾಲೀಕರು ನನ್ನ ಹೆಗಲ ಮೇಲೆ ಕೈಯಿಟ್ಟು, "ಸೋಮವಾರ ಜಿಗಣೀಲಿ ಮೀಟಿಂಗು. ನಿಮ್ಮನ್ನೇ ನಂಬಿದೀನಿ" ಎಂದರು. ಆ ಕೈಯ ಭಾರ ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲೇ ಸಾಫ್ಟ್‌ವೇರ್ ಮಾರುವವನೊಬ್ಬ ಬಂದ.

ನಾವು ಚಿತ್ರ ಬಿಡಿಸುವ ಸಾಫ್ಟ್‌ವೇರಿಗೆ ವರ್ಷಕ್ಕೊಂದು ಹೊಸ ಆವೃತ್ತಿ ಹುಟ್ಟುತ್ತದೆ. ಅವನು ಅದರ ಡಿಸ್ಕನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಇನ್ನೊಂದನ್ನಿಟ್ಟ. "ಇದು ಆಡ್-ಆನ್ ಸಾರ್. ಡ್ರಾಯಿಂಗಲ್ಲಿ ತೂತು ಎಲ್ಲೆಲ್ಲಿದೆ ಅಂತ ತಾನೇ ಹುಡುಕತ್ತೆ, ಸರಿಯಾದ ಬೋಲ್ಟು ತಾನೇ ಹಾಕತ್ತೆ. ಒಂದೇ ಕ್ಲಿಕ್ಕು!" ಮೂವತ್ತು ವರ್ಷ ಬೋಲ್ಟುಗಳನ್ನು ಒಂದೊಂದಾಗಿ ಬರೆದು ಸವೆದ ನನ್ನ ಬೆರಳುಗಳು ರೋಮಾಂಚನಗೊಂಡವು.

ಶೈಲಜಾ ಮಾತ್ರ ಕರಗಲಿಲ್ಲ. "ಸಾರ್, ಜಿಗಣಿ ಕೆಲಸ ಮುಗಿಯೋವರೆಗೂ ಇವೆರಡನ್ನೂ ಮುಟ್ಟೋದ್ ಬೇಡ. ಹೊಸದ್ರಲ್ಲಿ ಸೇವ್ ಮಾಡಿದ್ದು ಹಳೇದ್ರಲ್ಲಿ ಓಪನ್ ಆಗಲ್ಲ. ಅವ್ರ ಹತ್ರ ಇರೋದು ಹಳೇದು."

"ಗೊತ್ತಮ್ಮ, ಗೊತ್ತು."

"ನಾನು ಊರಿಂದ ಮಂಗಳವಾರ ಬರ್ತೀನಿ. ಫೈಲ್ ರೆಡಿ ಇದೆ. ಮೇಲ್ ಮಾಡಿದ್ರೆ ಸಾಕು. ಬೇರೇನೂ ಮಾಡ್ಬೇಡಿ ಸಾರ್, ಪ್ಲೀಸ್." ಹೀಗೆಂದು ಅವಳು ಹಬ್ಬಕ್ಕೆ ಅರಸೀಕೆರೆಗೆ ಹೊರಟಳು. ಮುಖ್ಯಸ್ಥನೊಬ್ಬನಿಗೆ ಏನೂ ಮಾಡಬೇಡಿ ಎನ್ನುವುದು ಎಂಥ ಆಡಳಿತ!

ಮರುದಿನ ಗುರುವಾರ, ಆಯುಧಪೂಜೆ. ತೊಳೆದ ಲೇಥುಗಳು ಸೇವಂತಿಗೆ ಹಾರ ತೊಟ್ಟು ಮದುಮಕ್ಕಳಂತೆ ನಿಂತಿದ್ದವು. ನಮ್ಮ ಫೋರ್‌ಮನ್ ವಿರೂಪಾಕ್ಷಪ್ಪ ಗದಗದ ಕಡೆಯವರು. ಹಣೆಯ ತುಂಬ ವಿಭೂತಿ ಧರಿಸಿ ಒಂದೊಂದೇ ಯಂತ್ರಕ್ಕೆ ಆರತಿ ಎತ್ತುತ್ತ ನನ್ನ ಕಂಪ್ಯೂಟರಿನ ಬಳಿ ಬಂದರು. ಆಗ ನನ್ನ ಬುದ್ಧಿಗೆ ಒಂದು ಬೆಳಕು ಬಿತ್ತು. ಇಂಥ ದಿನ ಹಳೆಯ ಆವೃತ್ತಿಗೆ ಪೂಜೆ ಮಾಡುವುದೇ? ಮುಹೂರ್ತವಿದೆ, ಕರ್ಪೂರವಿದೆ, ಡಿಸ್ಕ್ ಇದೆ!

"ಸಾಹೇಬ್ರ, ಪೂಜಾ ಆದ ಮ್ಯಾಲೆ ಆಯುಧ ಮುಟ್ಟಬಾರದ್ರಿ" ಎಂದರು ವಿರೂಪಾಕ್ಷಪ್ಪ. "ನಾಳೆ ವಿಜಯದಶಮಿಗೆ ಬನ್ನಿ ಎಲಿ ಕೊಟ್ಟ ಮ್ಯಾಲೇ ಮುಟ್ಟೋದು."

"ಪೂಜೆ ಇನ್ನೂ ಮುಗಿದಿಲ್ಲವಲ್ಲ. ನೀವು ಆರತಿ ಮಾಡ್ತಾ ಇರಿ, ಅದು ಒಳಗೆ ಹೋಗ್ತಾ ಇರ್ಲಿ."

ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಡಿಸ್ಕ್ ಹಾಕಿದೆ. ಪರದೆಯ ಮೇಲೆ ಹಸಿರು ಪಟ್ಟಿ ತೆವಳತೊಡಗಿತು. ಅರ್ಧ ದಾರಿಯಲ್ಲಿ ಮೊದಲ ಕರ್ಪೂರ ಮುಗಿಯಿತು. ಮುಕ್ಕಾಲಿನಲ್ಲಿ ಎರಡನೆಯದೂ ಮುಗಿಯಿತು. ಇನ್ನೇನು ತುಂಬಿತು ಎನ್ನುವಾಗ ಪಟ್ಟಿ ನಿಂತೇಬಿಟ್ಟಿತು. ವಿರೂಪಾಕ್ಷಪ್ಪನವರು ತಟ್ಟೆ ಹಿಡಿದ ಕೈ ಬದಲಿಸುತ್ತ, "ಸಾಹೇಬ್ರ, ದೇವರಿಗೇ ಇಷ್ಟೊತ್ತು ಬೆಳಗಿಲ್ರಿ ನಾ" ಎಂದು ನರಳಿದರು. ಐದನೆಯ ಕರ್ಪೂರಕ್ಕೆ ಹೊಸ ಆವೃತ್ತಿ ಅವತರಿಸಿತು. ಘಂಟಾನಾದವಾಯಿತು!

ಕೂಡಲೇ ಅದು ಒಂದು ಪ್ರಶ್ನೆ ಕೇಳಿತು. ಹಳೆಯ ಫೈಲುಗಳನ್ನೆಲ್ಲ ಹೊಸ ಆವೃತ್ತಿಗೆ ಬದಲಾಯಿಸಲೇ? ಮಂಗಳಕರವಾದ ದಿನ ಯಾರಿಗೂ ಇಲ್ಲ ಎನ್ನಬಾರದೆಂದು ನನ್ನ ಅಜ್ಜಿ ಹೇಳಿಕೊಟ್ಟಿದ್ದರು. ಹೌದು ಎಂದೆ. ಆಮೇಲೆ ಆಡ್-ಆನ್ ಬಾಯಿ ತೆರೆಯಿತು. ಸಿಕ್ಕ ತೂತುಗಳಿಗೆಲ್ಲ ಬೋಲ್ಟು ತೊಡಿಸಲೇ? ಹೌದು! ಜಿಗಣಿಯ ಫಿಕ್ಸ್ಚರಿನ ಮೇಲೆ ಬೋಲ್ಟುಗಳು ಪಟಪಟನೆ ಮೂಡಿದವು. ಆ ವೈಭವವನ್ನು ನೋಡಲು ಎರಡು ಕಣ್ಣು ಸಾಲಲಿಲ್ಲ. ವಿರೂಪಾಕ್ಷಪ್ಪನವರು ಬಗ್ಗಿ ನೋಡಿ, "ಛಲೋ ಐತ್ರಿ. ಖರೆ, ತೂತು ಒಂದೂ ಕಾಣವಲ್ದಲ್ರೀ?" ಎಂದರು.

"ಅದೇ ರೀ ತಂತ್ರಜ್ಞಾನ" ಎಂದೆ, ಗಂಭೀರವಾಗಿ. ಫೈಲನ್ನು ಆ ಕ್ಷಣವೇ ಜಿಗಣಿಗೆ ಮೇಲ್ ಮಾಡಿ, ಕಡಲೆಪುರಿ ತಿಂದು, ಗೆದ್ದವನಂತೆ ಮನೆಗೆ ಬಂದೆ.

ಸಂಜೆ ಶೈಲಜಾಳ ಫೋನು. "ಹಬ್ಬದ ಶುಭಾಶಯ ಸಾರ್. ಹೊಸ ಡಿಸ್ಕ್ ಹಾಗೇ ಇದೆ ತಾನೇ? ಫೈಲ್ ಕನ್ವರ್ಟ್ ಏನೂ ಮಾಡಿಲ್ಲ ಅಲ್ವಾ?"

ಹೊಸದ್ರಲ್ಲಿ ಸೇವ್ ಮಾಡಿದ್ದು ಹಳೇದ್ರಲ್ಲಿ ಓಪನ್ ಆಗಲ್ಲ! ನಿನ್ನೆ ಕಿವಿಯಲ್ಲೇ ನಿಂತಿದ್ದ ಮಾತು ಈಗ ತಲೆಗೆ ಬಂದು ತಲುಪಿತು. ನಾನು ಕಳುಹಿಸಿದ ಫೈಲನ್ನು ಜಿಗಣಿಯವರು ತೆರೆಯಲಾರರು. ಆದರೂ ಮುಖ್ಯಸ್ಥನ ಮರ್ಯಾದೆ ನನ್ನ ಬಾಯಿಂದ ಮಾತಾಡಿತು: "ಛೆ, ಛೆ!"

"ಸರಿ ಸಾರ್" ಎಂದು ಅವಳು ಫೋನಿಟ್ಟಳು.

ಆಮೇಲೆ ನಾನು ಕೂರಲಿಲ್ಲ. ನಡುಮನೆಯಿಂದ ಅಡುಗೆಮನೆಗೆ ಹೋದೆ, ಅಡುಗೆಮನೆಯಿಂದ ಬಾಲ್ಕನಿಗೆ ಹೋದೆ, ಗೊಂಬೆ ಕೂರಿಸಿದ್ದ ಮೂಲೆಯನ್ನು ಏಳು ಸಲ ಪ್ರದಕ್ಷಿಣೆ ಹಾಕಿದೆ. ಗೊಂಬೆ ನೋಡಲು ಬಂದಿದ್ದ ಪಕ್ಕದ ಮನೆಯವರು ಏನೋ ಹರಕೆಯಿರಬೇಕೆಂದು ದಾರಿ ಬಿಟ್ಟರು.

"ಏನ್ರೀ ಆಯ್ತು ನಿಮಗೆ?" ಎಂದಳು ವಿಶಾಲಾಕ್ಷಿ.

"ಏನಿಲ್ಲ. ತಂತ್ರಜ್ಞಾನ."

ಶುಕ್ರವಾರ ಬೆಳಗ್ಗೆಯೇ ಕಾರ್ಖಾನೆಗೆ ಓಡಿದೆ. ಹಳೆಯ ಆವೃತ್ತಿ ಅಳಿಸಿಹೋಗಿತ್ತು. ಕಾಗದದ ಮೇಲಾದರೂ ತೆಗೆಯೋಣವೆಂದರೆ ಹೊಸ ಆವೃತ್ತಿಗೆ ನಮ್ಮ ಹಳೆಯ ಪ್ರಿಂಟರಿನ ಪರಿಚಯವೇ ಇರಲಿಲ್ಲ. ಇಬ್ಬರೂ ಒಂದೇ ಮೇಜಿನ ಮೇಲೆ ಮುಖ ತಿರುಗಿಸಿ ಕುಳಿತಿದ್ದರು. ಜಿಗಣಿಯವರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಳ್ಳುವುದೇ? ಸುದ್ದಿ ಹಿಂದಿನ ರಸ್ತೆಗೆ ಮುಟ್ಟಲು ಎಷ್ಟು ಹೊತ್ತು! ಮಾಲೀಕರು ಕರೆದಾರೆಂದು ಹೆದರಿ ಮೊಬೈಲನ್ನು ಬಂದ್ ಮಾಡಿ, ಒಂದು ಐತಿಹಾಸಿಕ ನಿರ್ಧಾರ ಕೈಗೊಂಡೆ. ಅಳತೆಗಳೆಲ್ಲ ನನ್ನ ನೋಟ್‌ಬುಕ್ಕಿನಲ್ಲಿವೆ. ಇಡೀ ಫಿಕ್ಸ್ಚರನ್ನು ಕೈಯಲ್ಲೇ ಬರೆಯುತ್ತೇನೆ. ನನ್ನ ಹಳೆಯ ಡ್ರಾಯಿಂಗ್ ಬೋರ್ಡು ಮನೆಯಲ್ಲೇ ಇದೆಯಲ್ಲ!

ಇತ್ತು. ತಾರಸಿಯ ಮೇಲಿತ್ತು. ಅದರ ತುಂಬ ಸಬ್ಬಕ್ಕಿ ಹಪ್ಪಳ ಒಣಗುತ್ತಿತ್ತು.

"ಅದನ್ನ ಮುಟ್ಟಿದ್ರೆ ನೋಡಿ! ಇನ್ನೂ ಒಂದು ಬಿಸಿಲು ಬೇಕು."

"ವಿಶಾಲೂ, ಇದು ನನ್ನ ವೃತ್ತಿಜೀವನದ ಪ್ರಶ್ನೆ."

"ಅದು ಹನ್ನೆರಡು ವರ್ಷದಿಂದ ನನ್ನ ಹಪ್ಪಳದ ಮಣೆ. ಅವತ್ತೆಲ್ಲ ವೃತ್ತಿಜೀವನ ಎಲ್ಲಿತ್ತು?"

ಸಂಧಾನದ ಷರತ್ತಿನಂತೆ ಹಪ್ಪಳಗಳನ್ನು ಒಂದೊಂದಾಗಿ ಸೀರೆಯ ಮೇಲೆ ಸ್ಥಳಾಂತರಿಸಿ, ಮಧ್ಯೆ ಮಧ್ಯೆ ಕಾಗೆ ಓಡಿಸುತ್ತ, ಶುಕ್ರವಾರ, ಶನಿವಾರ, ಭಾನುವಾರ ಬರೆದೆ. ನಿಂತು ಬರೆದೆ, ಓಡಾಡುತ್ತ ಬರೆದೆ. ಗೆರೆ ಎಳೆಯುವಾಗ ಒಂದೆಡೆ ಪೆನ್ಸಿಲ್ ಎಗರಿತು. ಅಂಟಿಕೊಂಡಿದ್ದ ಸಬ್ಬಕ್ಕಿ ಕಾಳು. ಉಜ್ಜಿ ಮುಂದುವರಿದೆ. ಭಾನುವಾರ ಸಂಜೆ ಹಾಳೆ ಸಿದ್ಧವಾಯಿತು. ಜೀರಿಗೆಯ ಪರಿಮಳದ ಒಂದು ಮಹಾಕೃತಿ!

ಸೋಮವಾರ ಮೂರಡಿ ಉದ್ದದ ಕೊಳವೆಯಲ್ಲಿ ಅದನ್ನು ಸುತ್ತಿಕೊಂಡು ದಾಸರಹಳ್ಳಿಯಲ್ಲಿ ಬಸ್ಸು ಹತ್ತಿದೆ. ಬೆಂಗಳೂರಿನ ಆ ತುದಿಯಿಂದ ಈ ತುದಿ. ಸಿಲ್ಕ್ ಬೋರ್ಡಿನಲ್ಲಿ ಬಸ್ಸು ಎಷ್ಟು ಹೊತ್ತು ನಿಂತಿತೆಂದರೆ, ನಾವು ಮಾಡುವ ಫಿಕ್ಸ್ಚರ್ ಕೂಡ ಒಂದು ವಸ್ತುವನ್ನು ಅಷ್ಟು ಅಲುಗದಂತೆ ಹಿಡಿಯಲಾರದು. ನಾನು ಸೀಟಿನಿಂದ ಎದ್ದೆ, ಕುಳಿತೆ, ಮತ್ತೆ ಎದ್ದೆ.

"ಸಾರ್, ಕೂತ್ಕೊಳಿ ಇಲ್ಲ ನಿಂತ್ಕೊಳಿ. ಯಾವುದಾದ್ರೂ ಒಂದ್ ಮಾಡಿ" ಎಂದ ಕಂಡಕ್ಟರ್. "ಆ ಕೊಳವೆ ಮೂರು ಜನಕ್ಕೆ ತಿವಿದಾಯ್ತು."

ಜಿಗಣಿ ಕಂಪನಿಯ ಮ್ಯಾನೇಜರ್ ಮೂರ್ತಿ ನನ್ನ ವಯಸ್ಸಿನವರೇ. ನಗುತ್ತ ಎದುರುಗೊಂಡರು. ನಾನು ಕುರ್ಚಿಯಲ್ಲಿ ಕೂರುವ ಮೊದಲೇ ತಪ್ಪೊಪ್ಪಿಗೆಯನ್ನು ಸುರಿದುಬಿಟ್ಟೆ. "ಮೂರ್ತಿಗಳೇ, ನಾನು ಕಳಿಸಿದ ಫೈಲು ನಿಮ್ಮಲ್ಲಿ ತೆರೆದಿರೋದಿಲ್ಲ. ಅದಕ್ಕೆ…"

"ಯಾಕೆ, ತೆರೀತಲ್ಲ."

"ತೆರೀತಾ? ನಿಮ್ಮದು ಹಳೇ ಆವೃತ್ತಿ ಅಲ್ವಾ?"

ಮೂರ್ತಿಯವರು ಬಾಗಿಲು ಮುಚ್ಚಿ ಬಂದು ದನಿ ತಗ್ಗಿಸಿದರು. "ಇತ್ತು. ಆಯುಧಪೂಜೆ ದಿನ, ಒಳ್ಳೇ ಮುಹೂರ್ತ ಇತ್ತು ಅಂತ ನಾನೇ ಹೊಸದು ಹಾಕ್ಬಿಟ್ಟೆ. ನಮ್ಮ ಹುಡುಗರು ಈಗಲೂ ನನ್ನ ಜೊತೆ ಮಾತಾಡ್ತಿಲ್ಲ. ಯಾರಿಗೂ ಹೇಳ್ಬೇಡಿ."

ಆನಂದದಿಂದ ನನ್ನ ಕೊಳವೆ ಕೈಜಾರಿತು. ಗೆದ್ದೆ! ಪೀಣ್ಯದಲ್ಲಿ ಮಾಡಿದ ಮೂರ್ಖತನಕ್ಕೆ ಜಿಗಣಿಯಲ್ಲಿ ಸರಿಜೋಡಿ ಸಿಕ್ಕಿತ್ತು.

"ಆದರೆ ಸಾರ್" ಎಂದು ಮೂರ್ತಿಯವರು ಪರದೆಯನ್ನು ನನ್ನತ್ತ ತಿರುಗಿಸಿದರು. ಬೋಲ್ಟುಗಳಿಂದ ಅಲಂಕೃತವಾದ ನನ್ನ ಫಿಕ್ಸ್ಚರ್ ಹೊಳೆಯುತ್ತಿತ್ತು. "ಡ್ರಿಲ್ ಇಳೀಬೇಕಾದ ಎಲ್ಲ ತೂತಿಗೂ ಬೋಲ್ಟ್ ಜಡಿದಿದೀರಲ್ಲ. ಡ್ರಿಲ್ ಎಲ್ಲಿ ಇಳೀಬೇಕು?"

ತೂತು ಒಂದೂ ಕಾಣವಲ್ದಲ್ರೀ? ವಿರೂಪಾಕ್ಷಪ್ಪನವರ ಪ್ರಶ್ನೆ ಪೀಣ್ಯದಿಂದ ಜಿಗಣಿಗೆ ಬಂದು ನನ್ನ ಎದುರು ಕುಳಿತಿತು. ನಾನು ಮೂರು ದಿನ ನಿದ್ದೆಗೆಟ್ಟದ್ದು ಇಲ್ಲದ ಆಪತ್ತಿಗೆ. ಇದ್ದ ಆಪತ್ತಿಗೆ ಕಡಲೆಪುರಿ ತಿಂದಿದ್ದೆ!

ಕೊಳವೆ ಎತ್ತಿಕೊಂಡು ಹಾಳೆ ಬಿಡಿಸಿದೆ. "ಇದರಲ್ಲಿ ಸರಿಯಾಗಿದೆ. ಕೈಯಲ್ಲೇ ಬರೆದಿದೀನಿ. ದಯವಿಟ್ಟು ಆರ್ಡರ್ ಮಾತ್ರ…"

"ಆರ್ಡರಾ? ಅದು ಶನಿವಾರವೇ ಅಪ್ರೂವ್ ಆಯ್ತಲ್ಲ ಸಾರ್. ನಿಮ್ಮ ಶೈಲಜಾ ಮೇಡಂ ಶುಕ್ರವಾರ ಸರಿಯಾದ ಫೈಲ್ ಕಳಿಸಿದ್ರು. 'ಮೊದಲು ಬಂದದ್ದನ್ನ ದಯವಿಟ್ಟು ಪರಿಗಣಿಸಬೇಡಿ' ಅಂತ ಬರೆದಿದ್ರು. ಇವತ್ತು ನೀವು ಬರೋದು ಬೇಡ ಅಂತ ನಿಮಗೂ ಫೋನ್ ಮಾಡಿದ್ವಿ. ಮೊಬೈಲ್ ಆಫ್ ಇತ್ತು."

ನಾನು ಕುಳಿತೆ. ಈ ಸಲ ಏಳಲಿಲ್ಲ.

ಮೂರ್ತಿಯವರು ಹಾಳೆಯನ್ನು ಎತ್ತಿ ಮೂಸಿದರು. "ಆಹಾ, ಎಂಥ ಕೈ ಸಾರ್ ನಿಮ್ಮದು! ಇಲ್ಲಿ ಈ ಮೂಲೆಯಲ್ಲೊಂದು ಸಣ್ಣ ತೂತಿದೆಯಲ್ಲ, ಶೈಲಜಾ ಮೇಡಂ ಫೈಲಲ್ಲಿ ಇಲ್ಲ. ಇದು ಯಾತಕ್ಕೆ?"

ಅದು ಸಬ್ಬಕ್ಕಿ ಕಾಳಿನ ಗುರುತು. "ಗಾಳಿಯಾಡಲಿಕ್ಕೆ" ಎಂದೆ.

ಮಂಗಳವಾರ ಶೈಲಜಾ ಬಂದಳು. ನಾನು ಮುಖ ತಪ್ಪಿಸುತ್ತ, "ನಿನಗೆ ಹೇಗಮ್ಮ ಗೊತ್ತಾಯ್ತು?" ಎಂದು ಕೇಳಿದೆ.

"ಒಂದು 'ಛೆ' ಅಂದಿದ್ರೆ ನಂಬ್ತಿದ್ದೆ ಸಾರ್. ಎರಡು ಅಂದ್ರಿ. ಪೆನ್‌ಡ್ರೈವ್ ಜೊತೇಲಿತ್ತು, ಬೆಳಗ್ಗೆ ಸೈಬರ್ ಸೆಂಟರಿಗೆ ಹೋಗಿ ಕಳಿಸ್ದೆ." ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. "ಹೋಗ್ಲಿ ಬಿಡಿ. ಆ ಆಡ್-ಆನ್ ತೆಗೆದುಹಾಕೋಕೆ ಕೊಟ್ಟಿದೀನಿ, ನಾನು ಕಾಫಿ ತರ್ತೀನಿ. ಒಂದು ಪ್ರಶ್ನೆ ಕೇಳತ್ತೆ, ನೋಡಿ ಒತ್ತಿ ಸಾರ್."

ಪ್ರಶ್ನೆ ಬಂತು. 'ಈ ಸಾಧನವನ್ನು ನಿಜವಾಗಿಯೂ ತೆಗೆದುಹಾಕಲೇ?' ನಾನು ನಕ್ಕೆ. ಈ ಯಂತ್ರ ಕೇಳಿದ್ದಕ್ಕೆಲ್ಲ ಹೌದು ಎನ್ನುವ ಹಳೆಯ ಮನುಷ್ಯ ಜಿಗಣಿಯಲ್ಲೇ ಸತ್ತಿದ್ದ. ಅನುಭವದಿಂದ ಮಾಗಿದ ಬೆರಳಿನಿಂದ, ದೃಢವಾಗಿ, 'ಇಲ್ಲ' ಎಂದು ಒತ್ತಿದೆ!

ಕಾಫಿ ಲೋಟಗಳೊಂದಿಗೆ ಬಂದ ಶೈಲಜಾ ಪರದೆಯನ್ನು ನೋಡಿದಳು. ನನ್ನನ್ನು ನೋಡಿದಳು. ಲೋಟಗಳನ್ನು ಮೇಜಿನ ಮೇಲಿಟ್ಟು ವಿರೂಪಾಕ್ಷಪ್ಪನವರನ್ನು ಹುಡುಕಿಕೊಂಡು ಹೋದಳು.

ಮರುದಿನ ಬೆಳಗ್ಗೆ ಕುರ್ಚಿಯಲ್ಲಿ ಕುಳಿತು ಕೈ ಚಾಚಿದೆ. ನನ್ನ ಮೌಸಿನ ಮೇಲೆ ವಿಭೂತಿ, ಕುಂಕುಮ, ಒಂದು ಸೇವಂತಿಗೆ ಹೂವು. ಪಕ್ಕದಲ್ಲಿ ವಿರೂಪಾಕ್ಷಪ್ಪನವರು ಕೈಕಟ್ಟಿ ನಿಂತಿದ್ದರು.

"ಪೂಜಾ ಆಗೇತ್ರಿ ಸಾಹೇಬ್ರ" ಎಂದರು. "ಇನ್ನ ಮುಟ್ಟಂಗಿಲ್ಲ."

ಅಂದಿನಿಂದ ನಮ್ಮ ವಿಭಾಗದಲ್ಲಿ ದಿನವೂ ಆಯುಧಪೂಜೆ. ಬನ್ನಿ ಕೊಡಲು ಮಾತ್ರ ಯಾರೂ ಬಂದಿಲ್ಲ.