ನಮ್ಮ ಹಿತ್ತಲಿಗೆ ಜೇನು ಬಂದದ್ದು

ನ್ಯಾಮತಿ ಸುತ್ತಮುತ್ತ ಗಿಡಮರದ ವಿಷಯ ನನ್ನಷ್ಟು ಬಲ್ಲೋನು ಇನ್ನೂ ಹುಟ್ಟಿಲ್ಲ. ಹಂಗಾಗೇ ಏನೋ, ಗಿಡಕ್ಕೆ ಕೈ ಹಾಕಿದಾಗೆಲ್ಲ ನನಗೆ ಇಂಥವೇ ಆಗ್ತಾವೆ.

ಈ ಸಲ ಹಿತ್ತಲ ಕುಂಬಳದ ಬಳ್ಳಿ ಹೂ ಬಿಟ್ಟಿದ್ದೇ ಬಿಟ್ಟಿದ್ದು, ಒಂದೂ ಕಾಯಿ ನಿಲ್ಲಲಿಲ್ಲ. "ಜೇನು ಬರ್ತಿಲ್ಲ, ಅದಕ್ಕೇ" ಅಂದೆ.

"ಯುಗಾದಿ ತನಕ ನೋಡ್ತೀನಿ," ಅಂದಳು ನಮ್ಮ ಮನೆಯಾಕೆ. "ಕಾಯಿ ಬರಲಿಲ್ಲ ಅಂದ್ರೆ ಬಳ್ಳಿ ಕಿತ್ತು ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸ್ತೀನಿ. ಬಟ್ಟೆ ಒಗೆಯಾಕಾದ್ರೂ ಆಗುತ್ತೆ."

ನನ್ನ ಹಿತ್ತಲಿಗೆ ಸಿಮೆಂಟಾ! "ಜೇನು ತಾನೆ? ನಾನೊಂದು ಸಿಳ್ಳೆ ಹಾಕಿದ್ರೆ ಓಡಿ ಬರ್ತಾವೆ" ಅಂದುಬಿಟ್ಟೆ.

೧. ಚನ್ನಗಿರಿಯ ಬಣ್ಣ

ಚನ್ನಗಿರಿ ನರ್ಸರಿಗೆ ಹೋಗಿ, ಕಣ್ಣು ಕುಕ್ಕೋ ಬಣ್ಣದ ಕಾಗದದ ಹೂವಿನ ಗಿಡ ತಂದು ನೆಟ್ಟೆ. ಒಂದೇ ಒಂದು ಜೇನು ಬಂತು, ಕೂತಿತು, ಎದ್ದು ಹೋಯ್ತು. ಬೋರ್ಡು ದೊಡ್ಡದು, ಒಳಗೆ ತಿಂಡಿ ಇಲ್ಲ ಅನ್ನೋ ಹೋಟ್ಲಿಂದ ಎದ್ದು ಬರ್ತೀವಲ್ಲ, ಥೇಟ್ ಹಂಗೆ.

ನರ್ಸರಿಯವನ ಹತ್ರ ಜಗಳಕ್ಕೆ ಹೋದೆ. ಅವನಂದ: "ಅಜ್ಜಾ, ಗಿಡ ನೋಡಿ ಮರುಳಾಗಿದ್ದು ನೀವು. ಜೇನನ್ನ ಕೇಳ್ಕೊಂಡು ಬಂದಿದ್ರಾ?"

೨. ಹೊನ್ನಾಳಿಯ ನುಗ್ಗೆ

ಹೊನ್ನಾಳಿಯಾಗೆ ಹೆಂಡತಿ ತಮ್ಮ ಅವನೆ. "ಭಾವಾ, ಬಣ್ಣ ನೋಡಬ್ಯಾಡ್ರಿ. ನುಗ್ಗೆ, ತುಳಸಿ, ನಿಂಬೆ, ಸೂರ್ಯಕಾಂತಿ ಹಾಕ್ರಿ" ಅಂತ ನುಗ್ಗೆ ಕೊಂಬೆ, ತುಳಸಿ ಸಸಿ ಕೊಟ್ಟ. ನನ್ನ ಕೈಗುಣ ಎಂಥಾದ್ದು ಅಂದ್ರೆ, ಬೆಳಿಗ್ಗೆ ಕೊಂಬೆ ಊರಿದೆ, ಮಧ್ಯಾಹ್ನ ಅದರ ನೆರಳಾಗೇ ಊಟ ಮಾಡಿದೆ. ಆ ವಾರವೇ ಹೂ!

ಆದ್ರೆ ಜೇನು ಏಳೋದರೊಳಗೆ ನಮ್ಮಾಕೆ ಬುಟ್ಟಿ ಹಿಡಿದು ಹಾಜರ್. ತುಳಸಿ ಕದಿರು ಪೂಜೆಗೆ, ನುಗ್ಗೆ ಹೂ ಪಲ್ಯಕ್ಕೆ.

"ದೇವರಿಗೆ ಅರ್ಧ ಸಾಕು ಕಣೇ, ಉಳಿದಿದ್ದು ಜೇನಿಗೆ ಬಿಡು" ಅಂದೆ.

ಬುಟ್ಟಿ ಎತ್ಕೊಂಡು ಒಳಗೆ ಹೋದಳು. ಮಾರನೇ ದಿನ ನೋಡ್ತೀನಿ, ಅರ್ಧ ಹೂ ಗಿಡದಾಗೇ ಐತೆ. ನನ್ನ ತಟ್ಟೆಯಾಗೆ ರೊಟ್ಟಿಯೂ ಅರ್ಧವೇ ಐತೆ.

೩. ಜಗಳೂರಿನ ಬಸ್ಸು

ಜಗಳೂರಿನಾಗೆ ನಮ್ಮ ಬೀಗರ ಹೊಲದ ಬದುವಿಗೆ ಹೊಂಗೆ ಮರ. ಹೂವಿಗೆ ಮುತ್ತಿದ್ದ ಜೇನು ಎಷ್ಟು ಅಂದ್ರೆ, ಎಲ್ಲಿ ಮರವನ್ನೇ ಎತ್ತಿಕೊಂಡು ಹಾರ್ತಾವೋ ಅಂತ ನಾನು ಬುಡ ಹಿಡ್ಕೊಂಡು ಕೂತೆ. ಬೀಗರು ಪೆಟ್ಟಿಗೆ ಸಮೇತ ಒಂದು ಸಂಸಾರ ಜೇನು ಕೊಟ್ಟರು. ಅದರ ಬಾಯಿಗೆ ಜಾಲರಿ ಬಡಿದು ಬಸ್ಸು ಹತ್ತಿದೆ.

"ಪೆಟ್ಟಿಗ್ಯಾಗೆ ಏನೈತೆ ಅಜ್ಜಾ? ಲಗೇಜ್ ಟಿಕೆಟ್ ತಗಳ್ರಿ" ಅಂದ ಕಂಡಕ್ಟರ್.

"ಲಗೇಜಲ್ಲಪ್ಪಾ, ಹೆಣ್ಮಕ್ಕಳು. ದುಡಿಯೋ ಜೇನೆಲ್ಲ ಹೆಣ್ಣೇ. ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ?"

ಅವನೇನು ಕಮ್ಮಿ? "ಆಗ್ಲಿ, ಆಧಾರ್ ಕಾರ್ಡ್ ತೋರಿಸಲಿ."

"ಜಾಲರಿ ತೆಗೀತೀನಿ, ನೀನೇ ಕೇಳು."

ಇಡೀ ಬಸ್ಸು ಎದ್ದು ನಿಂತಿತು: "ಕಂಡಕ್ಟ್ರೇ, ಅಜ್ಜ ಹೇಳಿದ್ದು ಸರಿ ಐತೆ, ನಂಬ್ಕಳ್ರಿ!"

೪. ಮೇಸ್ತ್ರಿಯ ಟೇಪು

ಜೇನು ಬಂದವು, ನುಗ್ಗೆ, ತುಳಸಿ ಸುತ್ತಿದವು. ಯುಗಾದಿಯೂ ಬಂತು. ಕುಂಬಳದ ಕಾಯಿ ಮಾತ್ರ ಕಾಣಲಿಲ್ಲ. ಮನೆಯಾಕೆ ಸಿಮೆಂಟ್ ಮೇಸ್ತ್ರಿಯನ್ನ ಕರೆಸೇಬಿಟ್ಟಳು.

ಮೇಸ್ತ್ರಿ ಟೇಪಿನ ತುದಿ ನನ್ನ ಕೈಗೆ ಕೊಟ್ಟು, "ಹಿಡ್ಕಳ್ರಿ ಯಜಮಾನ್ರೇ" ಅಂತ ಹಿಂದಕ್ಕೆ ನಡೀತಾ ನಡೀತಾ ಸೀದಾ ಜೇನು ಪೆಟ್ಟಿಗೆಗೇ ಒರಗಿದ. ಆಮೇಲೇನು ಹೇಳ್ಲಿ! ಟೇಪಿನ ಒಂದು ತುದಿ ನನ್ನ ಕೈಯಾಗೆ, ಇನ್ನೊಂದು ತುದಿ ಬಸ್ ಸ್ಟ್ಯಾಂಡಾಗೆ!

ಅವನು ಓಡಿದ ರಭಸಕ್ಕೆ ಕಾಲಿಗೆ ಸಿಕ್ಕ ಬಳ್ಳಿ ಮಗುಚಿತ್ತು. ನೋಡ್ತೀನಿ, ಎಲೆ ಮರೆಯಾಗೆ ನಿಂಬೆಹಣ್ಣಿನ ಗಾತ್ರದ ಎಳೇ ಕಾಯಿಗಳು! ಮನೆಯಾಕೆ ಮುಖಕ್ಕೆ ಸೆರಗು ಮುಚ್ಕೊಂಡು ಬಂದು, ಬಗ್ಗಿ ಮೆಲ್ಲಗೆ ಕಾಯಿ ಸವರಿದಳು. ಆಮೇಲೆ ರಸ್ತೆ ಕಡೆ ತಿರುಗಿ ಕೂಗಿದಳು:

"ಮೇಸ್ತ್ರೀ, ಸಿಮೆಂಟ್ ಬ್ಯಾಡಪ್ಪಾ! ಈ ಮನ್ಯಾಗೆ ಕೆಲಸ ಮಾಡೋರು ಕೊನೆಗೂ ಬಂದವ್ರೆ!"

ನಾನು ಮೀಸೆ ತಿರುವಿದೆ. ನೋಡಿದ್ರೆ ಅವಳ ಕೈ ಪೆಟ್ಟಿಗೆ ಕಡೆ ಇತ್ತು.