ಐನೂರು ರೂಪಾಯಿಯ ಬ್ರಹ್ಮಚಾರಿ

ಪರಮೇಶನಿಗೆ ನಾರಾಯಣಪೇಟೆಯ ಸೀರೆ ಅಂಗಡಿಯಲ್ಲಿ ಸಂಜೆ ನಾಲ್ಕು ತಾಸಿನ ಕೆಲಸ ಸಿಕ್ಕಿತು. ಪಗಾರ ಆರು ಸಾವಿರ. ಕೈಗೆ ನಾಲ್ಕು ಸಾವಿರ ಉಳಿಯದಿದ್ದರೆ ಸ್ವಂತ ಊರು ಮಕ್ತಲ್‌ನಲ್ಲೇ ಭಾವಮೈದುನನ ಕೋಳಿ ಅಂಗಡಿಯಲ್ಲಿ ಪುಕ್ಕ ಕೀಳಬೇಕೆಂದು ಹೆಂಡತಿ ವಿಜಯಶ್ರೀ ತಾಕೀತು ಮಾಡಿದ್ದಳು.

ಕರೆಯದೆಯೇ ಲೆಕ್ಕಕ್ಕೆ ಬಂದವನು ಪಕ್ಕದ ಮನೆಯ ಕುರುಮಯ್ಯ.

“ಬಸ್ಸಿಗೆ ಹದಿನಾಲ್ಕು ನೂರು, ಚಹಾಕ್ಕ ಇನ್ನೂರು. ಮದುವಿ ಆದೋರಿಗೆ ಆ ಅಂಗಡ್ಯಾಗ ದೀಪಾವಳಿ ಸೀರಿ ಅಂತ ತಿಂಗಳಾ ಪಗಾರದಾಗ ಐನೂರು ಮುರೀತಾರ. ಉಳಿಯೋದು ಮೂರು ಸಾವಿರದ ಒಂಬೈನೂರು.”

“ನೂರು ರೂಪಾಯಿದಾಗ ಹೋಯ್ತಲ್ರೀ ಕಾಕಾ!”

“ಮದುವಿ ಆಗಿಲ್ಲ ಅನ್ನು. ನಿನ್ನ ಮಾರಿ ನೋಡಿದ್ರ ಯಾರಾದ್ರೂ ನಂಬ್ತಾರ.”

ಅಂಗಡಿಯ ಸಾಹುಕಾರ ಭಾನುಪ್ರಕಾಶ ಮರುಮಾತಿಲ್ಲದೆ ನಂಬಿದ. ಪರಮೇಶನಿಗೆ ತುಸು ಅವಮಾನವೇ ಆಯಿತು.

ಮೊದಲ ಪಗಾರದ ಸಂಜೆ ಆರು ಸಾವಿರವೂ ಇಡಿಯಾಗಿ ಕೈಗೆ ಬಂತು. ಎದ್ದವನ ರಟ್ಟೆ ಹಿಡಿದು ಸಾಹುಕಾರ ಕೂರಿಸಿದ.

“ಒಂಟಿ ಗಂಡಸು ಸೀರಿ ತೋರಿಸಿದ್ರ ಗಿರಾಕಿ ಹೆಣ್ಮಕ್ಕಳು ಸಂಕೋಚ ಪಡ್ತಾರ. ನಿನಗೊಂದು ಹುಡುಗಿ ನೋಡೀನಿ. ಬೆಳಗಿನ ಪಾಳಿಯಾಕಿ, ಇವತ್ತ ಸಂಜಿಗೆ ಬಾ ಅಂತ ಹೇಳೀನಿ.”

“ನನಗ ಸಕ್ಕರಿ ರೋಗ ಐತ್ರೀ!”

“ಬೇಶಾತು, ಲಾಡುವಿನ ಖರ್ಚು ಉಳೀತು.”

“ರಾಹು ದೆಸಿ ನಡದೈತ್ರೀ!”

“ಆಕೀಗೂ ನಡದೈತಂತ.”

ನಿಜ ಹೇಳುವಂತಿರಲಿಲ್ಲ. ಸುಳ್ಳು ಹೇಳಿದವರನ್ನು ಸಾಹುಕಾರ ಅವತ್ತೇ ಮನೆಗೆ ಕಳಿಸುತ್ತಿದ್ದ. ಪರಮೇಶ ಬೆವರುತ್ತಿರುವಾಗಲೇ ಹುಡುಗಿ ತಲೆ ತಗ್ಗಿಸಿ ಒಳಗೆ ಬಂದಳು. ಕಾಲುಂಗುರವಿಲ್ಲ, ತಾಳಿ ಕುಪ್ಪಸದೊಳಗೆಲ್ಲೋ ಮಾಯ.

ವಿಜಯಶ್ರೀ!

ದಿನಾ ಬೆಳಿಗ್ಗೆ ಹೊಲಿಗೆ ಕ್ಲಾಸಿಗೆಂದು ಹೋಗುತ್ತಿದ್ದವಳು ಬರುತ್ತಿದ್ದದ್ದು ಇಲ್ಲಿಗೆ. ಹೆಂಗಸರಿಗೆ ಬಸ್ಸು ಫ್ರೀ, ಮದುವೆಯಾಗದವಳಿಗೆ ಮುರಿತವಿಲ್ಲ. ಅವಳ ಲೆಕ್ಕ ಕುರುಮಯ್ಯನದಕ್ಕಿಂತ ಚೊಕ್ಕವಾಗಿತ್ತು. ಗಂಡ ಹೆಂಡತಿ ಕಣ್ಣು ಬಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡಿದರು. ಬಾಯಿ ಬಿಟ್ಟರೆ ಎರಡೂ ಕೆಲಸ ಹೋಗುತ್ತಿದ್ದವು.

“ಹುಡುಗ ಒಪ್ಪಿಗಿ ಏನವ್ವಾ?”

ವಿಜಯಶ್ರೀ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ತುಸು ದಡ್ಡ ಕಾಣ್ತಾನ್ರೀ. ಇರ್ಲಿ, ಹೊಂದ್ಕೊತೀನಿ.”

ಹಿಗ್ಗಿದ ಸಾಹುಕಾರ ಸೋಮವಾರಕ್ಕೇ ಮದುವೆ ಗೊತ್ತು ಮಾಡಿ, ಪರಮೇಶನ ಕೈಯಿಂದ ನೋಟು ವಾಪಸ್ ತೆಗೆದುಕೊಂಡು ಎಣಿಸಿದ.

“ಹಾರ, ಊಟ, ಅಯ್ನೋರ ದಕ್ಷಿಣಿ. ಗಂಡಿನ ಕಡಿ ಖರ್ಚು ಮೂರು ಸಾವಿರ. ಮುಂದಿನ ತಿಂಗಳಿಂದ ಇಬ್ಬರದೂ ಐನೂರೈನೂರು ಮುರೀತೀನಿ.”

ಮಕ್ತಲ್ ಬಸ್ಸಿನಲ್ಲಿ ಪರಮೇಶ ಸುಸ್ತಾಗಿ ಹೆಂಡತಿಯ ಪಕ್ಕ ಕೂರಲು ಹೋದ. ಅವಳು ಚೀಲವನ್ನು ಸೀಟಿನ ಮೇಲಿಟ್ಟಳು.

“ನಿಂತ್ಕೋರಿ. ಮದುವಿಗಿಂತ ಮೊದಲ ಹಿಂಗ ಬಾಜೂಕ ಕೂಡೋದು ಯಾರಾದ್ರೂ ನೋಡಿದ್ರ ಸಾವ್ಕಾರ್ರಿಗೆ ಹೇಳ್ತಾರ.”