ದ್ಯಾವಕ್ಕನ ಪ್ರಶ್ನೆಯೂ ಬಾವಿಯ ಬೀಗವೂ

ಬಹಳ ಹಿಂದೆ, ಪತ್ರಿಕೆಗಳಾಗಲಿ, ಪತ್ರಿಕೆಯವರು ತಮ್ಮ ಮಾತನ್ನು ತಿರುಚಿದರೆಂದು ದೂರುವ ಮಂತ್ರಿಗಳಾಗಲಿ ಇನ್ನೂ ಹುಟ್ಟಿರದ ಕಾಲದಲ್ಲಿ, ದರ್ಪಣಾವತಿ ಎಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ಸುಪ್ರಕಾಶವರ್ಮ. ಓದುಗ ಮಹಾಶಯರು ಈ ರಾಜ್ಯವನ್ನು ಭೂಪಟದಲ್ಲಿ ಹುಡುಕುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ. ಸಿಗದಿದ್ದರೆ ಅದು ಎಲ್ಲಿದೆಯೆಂದು ಯಾವುದಾದರೂ ಕಚೇರಿಗೆ ಬರೆದು ಕೇಳಬೇಕಾದೀತು, ಹಾಗೆ ಕೇಳಿದರೆ ಏನಾಗುತ್ತದೆ ಎಂಬುದೇ ಈ ಕಥೆ.

ಆ ರಾಜಧಾನಿಯ ಬಳೆಗಾರ ಓಣಿಯಲ್ಲಿ ದ್ಯಾವಕ್ಕ ಎಂಬ ಸೂಲಗಿತ್ತಿ ಇದ್ದಳು. ಓಣಿಯ ಮುಕ್ಕಾಲು ಪಾಲು ಜನ ಈ ಲೋಕಕ್ಕೆ ಬಂದು ಮೊದಲು ಕಂಡ ಮುಖ ಅವಳದು. ಆದ್ದರಿಂದ ಅವಳು ಗದರಿದರೆ ಎಂಥ ಮೀಸೆಯವನೂ ತೆಪ್ಪಗಾಗುತ್ತಿದ್ದ. ಒಂದು ಮಂಗಳವಾರ ಬೆಳಿಗ್ಗೆ ಅವಳು ಕೊಡ ಹಿಡಿದು ಓಣಿಯ ಬಾವಿಗೆ ಹೋದಾಗ, ಅದರ ಬಾಯಿಗೆ ಕಬ್ಬಿಣದ ಜಾಲರಿ ಬಿದ್ದಿತ್ತು. ಜಾಲರಿಗೆ ತೆಂಗಿನಕಾಯಿ ಗಾತ್ರದ ಬೀಗ. ಬೀಗದ ಪಕ್ಕದಲ್ಲಿ ಒಬ್ಬ ಕಾವಲುಭಟ ನಿಂತಿದ್ದ.

"ಯಾಕಪ್ಪ ಬೀಗ?" ಎಂದಳು ದ್ಯಾವಕ್ಕ.

"ನಂಗೇನ್ ಗೊತ್ತವ್ವ. ಹಾಕು ಅಂದ್ರು, ಹಾಕ್ದೆ."

"ಯಾರು ಅಂದ್ರು?"

"ಅದನ್ನ ಕೇಳೋ ಪದ್ಧತಿ ನಮ್ಮಲ್ಲಿಲ್ಲ."

ಬಾವಿ ಬಿಟ್ಟರೆ ನೀರಿರುವುದು ಹೊಳೆಯಲ್ಲಿ, ಹೊಳೆ ಇರುವುದು ಒಂದು ಹರಿದಾರಿ ದೂರದಲ್ಲಿ. ಎದುರು ಮನೆಯ ಗಿರಿಯವ್ವನಿಗೆ ಇನ್ನೆರಡು ತಿಂಗಳಲ್ಲಿ ದಿನ ತುಂಬುತ್ತಿತ್ತು. ಹೆರಿಗೆಯೆಂದರೆ ಹಂಡೆಗಟ್ಟಲೆ ಬಿಸಿನೀರು ಬೇಕು. ಏನಾದರೂ ಸರಿ, ಅಷ್ಟರೊಳಗೆ ಬೀಗ ತೆಗೆಸಲೇಬೇಕೆಂದು ದ್ಯಾವಕ್ಕ ನಿಶ್ಚಯಿಸಿದಳು.

ಅದೃಷ್ಟಕ್ಕೆ, ಹಿಂದಿನ ವರ್ಷವಷ್ಟೇ ಮಹಾರಾಜರು ಪ್ರಶ್ನಾ ಸ್ವಾತಂತ್ರ್ಯ ಮಹಾಶಾಸನವನ್ನು ಹೊರಡಿಸಿದ್ದರು. ಯಾವ ಪ್ರಜೆಯೂ ಯಾವ ಕಚೇರಿಯನ್ನೂ ಯಾವ ಪ್ರಶ್ನೆಯನ್ನಾದರೂ ಕೇಳಬಹುದು, ಕಚೇರಿಯು ಮೂವತ್ತು ದಿನಗಳೊಳಗೆ ಉತ್ತರಿಸತಕ್ಕದ್ದು. ನೆರೆಯ ರಾಜನೊಬ್ಬ ಹೀಗೆ ಮಾಡಿ ನಾಲ್ಕು ದೇಶಗಳಲ್ಲಿ ಹೆಸರು ಗಳಿಸಿದ್ದನೆಂದು ಕೇಳಿ ನಮ್ಮ ಸುಪ್ರಕಾಶವರ್ಮನಿಗೆ ಮೂರು ದಿನ ಊಟ ಸೇರಿರಲಿಲ್ಲ. ಶಾಸನ ಹೊರಟ ದಿನ ಆಸ್ಥಾನದಲ್ಲಿ ನಡೆದ ಮಾತುಕತೆ ಹೀಗಿತ್ತು.

"ಪ್ರಭು, ಪ್ರಜೆಗಳು ಕೇಳಿದರೆ ಉತ್ತರ ಕೊಡಬೇಕಾಗುತ್ತದೆ," ಎಂದು ಮಹಾಮಂತ್ರಿ ವಿನಯಭೂಷಣನು ನಯವಾಗಿ ಕೆಮ್ಮಿದನು.

"ಕೊಡಿ."

"ಕೊಡೋಣ. ಆದರೆ ಒಂದು ಸಣ್ಣ ತಾರತಮ್ಯ ನನ್ನನ್ನು ಬಾಧಿಸುತ್ತಿದೆ. ಪ್ರಭುಗಳ ಮಾತನ್ನು ನಾವು ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಪ್ರಜೆಯ ಪ್ರಶ್ನೆ ಮಾತ್ರ ಓಲೆಗರಿಯಲ್ಲಿ ಬಂದು ಹುಳು ಹಿಡಿಯಬೇಕೆ? ಪ್ರಜೆಯೇ ಪ್ರಭುವೆಂದು ತಾವೇ ಭಾಷಣದಲ್ಲಿ ಅಪ್ಪಣೆ ಕೊಡಿಸಿದ್ದೀರಿ."

ಮಹಾರಾಜನ ಕಣ್ಣು ತುಂಬಿ ಬಂತು. ಅಂದಿನಿಂದ ಪ್ರಶ್ನೆಗಳು ಕಲ್ಲಿನಲ್ಲಿ ಬರತಕ್ಕದ್ದೆಂದು ನಿಯಮಾವಳಿಯಾಯಿತು. ಕಲ್ಲು ಮೂರು ಮೊಳ ಉದ್ದ, ಎರಡು ಮೊಳ ಅಗಲ. ಮೇಲ್ಗಡೆ ಸೂರ್ಯ, ಚಂದ್ರ, ಹಸು, ಕರು. ಬಳಿಕ ಮಹಾರಾಜರ ಬಿರುದಾವಳಿ ಹದಿನಾಲ್ಕು ಸಾಲು. ಬಳಿಕ ಪ್ರಶ್ನೆ, ಒಂದು ಸಾಲು ಮೀರದಂತೆ. ಕೊನೆಯಲ್ಲಿ, ಈ ಪ್ರಶ್ನೆಯನ್ನು ಕೆಡಿಸಿದವರು ಏಳು ಜನ್ಮ ಹುಳುವಾಗಿ ಹುಟ್ಟುವರೆಂಬ ಶಾಪ. ಇಂಥವು ಮೂರು ಪ್ರತಿ, ಕಚೇರಿಗೊಂದು, ಅರಮನೆಗೊಂದು, ಮಾಹಿತಿಗಾಗಿ ಒಂದು. ಯಾರ ಮಾಹಿತಿಗಾಗಿ ಎಂಬುದನ್ನು ನಿಯಮಾವಳಿ ಹೇಳಿರಲಿಲ್ಲ.

ದ್ಯಾವಕ್ಕ ನೇರವಾಗಿ ಕಲ್ಕುಟಿಗ ಚಿಕ್ಕೋಜನ ಮನೆಗೆ ಹೋದಳು. ಶಾಸನ ಬಂದ ಮೇಲೆ ಅವನಿಗೆ ಕೈತುಂಬ ಕೆಲಸ. ದೇವರ ವಿಗ್ರಹ ಮಾಡುವುದನ್ನೇ ಬಿಟ್ಟಿದ್ದ.

"ನನ್ನ ಮೂರು ಮಕ್ಕಳೂ ನಿನ್ನ ಕೈಗೇ ಬಂದೋರು ದ್ಯಾವಕ್ಕ. ನಿನ್ ಹತ್ರ ಕೂಲಿ ಕೇಳ್ತೀನಾ," ಎಂದ ಚಿಕ್ಕೋಜ. "ಆದ್ರೆ ಹಸುವಿನ ಎಡಗೊಂಬು ನಂಗೆ ಸೊಟ್ಟಗೇ ಬರ್ತದೆ. ಅದಕ್ಕೆ ಬೈಬೇಡ."

"ಕೊಂಬು ಹೆಂಗಾದ್ರೂ ಇರ್ಲಿ. ನಮ್ ಬಾವಿಗೆ ಬೀಗ ಯಾಕೆ ಅಂತ ಕೊರಿ."

ಹನ್ನೆರಡು ದಿನ ಉಳಿ ಆಡಿತು. ಮೂರು ಕಲ್ಲುಗಳನ್ನು ಎತ್ತಿನ ಗಾಡಿಗೆ ಹೇರಿ ದ್ಯಾವಕ್ಕ ಪ್ರಶ್ನಾಭವನಕ್ಕೆ ಹೋದಳು. ಅಲ್ಲಿ ಓಲಗ ಮೊಳಗಿತು. ಪ್ರಶ್ನಾಧಿಕಾರಿ ಸಾವಧಾನಯ್ಯನು ಬಾಗಿಲಿಗೇ ಬಂದು ಅವಳಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟನು. ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಆರತಿಯನ್ನೂ ಎತ್ತಿಸಿದನು. ಇದೆಲ್ಲ ಅಲ್ಲಿಯ ಪ್ರೋಟೋಕಾಲ್.

"ತಾಯಿ, ತಮ್ಮಂಥ ಜಾಗೃತ ನಾಗರಿಕರಿಂದಲೇ ಪಾರದರ್ಶಕತೆ ಉಳಿದಿದೆ," ಎಂದು ಅವನು ಕೈಮುಗಿದನು. ಆಮೇಲೆ ಮೊಳದ ಕೋಲು ಹಿಡಿದು ಕಲ್ಲನ್ನು ಅಳೆದನು. "ಅಳತೆ ಸರಿ. ಹಸು ಸರಿ. ಶಾಪ ಎಲ್ಲಿ?"

"ಯಾರಿಗೆ ಶಾಪ ಹಾಕ್ಲಿ ಸ್ವಾಮಿ? ಬಾವಿಗೆ ಬೀಗ ಹಾಕ್ದೋರು ಯಾರು ಅಂತ ಗೊತ್ತಾದ್ರೆ ಬೇಕಾದಷ್ಟು ಹಾಕ್ತೀನಿ."

"ಶಾಪವಿಲ್ಲದ ಪ್ರಶ್ನೆ ಅಪೂರ್ಣ. ಹೊಸದು ತನ್ನಿ. ಇವು ಇಲ್ಲಿಯೇ ಇರಲಿ, ಪ್ರಜೆಯ ಪ್ರಶ್ನೆಯನ್ನು ಹಿಂದಿರುಗಿಸುವುದು ಅಪಚಾರ."

ಚಿಕ್ಕೋಜ ಮತ್ತೆ ಮೂರು ಕಲ್ಲು ಕೊರೆದ. ಮತ್ತೆ ಓಲಗ, ಶಾಲು, ಹಣ್ಣು. ಹದಿನೈದನೆಯ ದಿನ ಡಂಗುರದವನು ದ್ಯಾವಕ್ಕನ ಮನೆಮುಂದೆ ನಿಂತು ಉತ್ತರ ಸಾರಿದ: "ನಿಮ್ಮ ಪ್ರಶ್ನೆ ಬೀಗಕ್ಕೆ ಸಂಬಂಧಿಸಿದ್ದು. ಬಾವಿಗಳು ಜಲ ಇಲಾಖೆಗೆ ಸೇರಿವೆ, ಬೀಗಗಳು ಭದ್ರತೆಗೆ ಸೇರಿವೆ, ಬೀಗ ಹಾಕಿದ ಬಾವಿಗಳು ಯಾರಿಗೆ ಸೇರಿವೆಯೆಂದು ತಿಳಿಯಲು ಪ್ರತ್ಯೇಕವಾಗಿ ಪ್ರಶ್ನಿಸತಕ್ಕದ್ದು." ಅವಳು ಪ್ರತ್ಯೇಕವಾಗಿ ಪ್ರಶ್ನಿಸಿದಳು, ಇನ್ನು ಮೂರು ಕಲ್ಲು. ಬಂದ ಉತ್ತರ: ಬೀಗ ಹಾಕಿದ ಬಾವಿಗಳು ಸಂರಕ್ಷಣಾ ಇಲಾಖೆಗೆ ಸೇರಿವೆ. ಏನನ್ನು ಸಂರಕ್ಷಿಸಲಾಗುತ್ತಿದೆಯೆಂಬುದು ಸಂರಕ್ಷಿತ ಮಾಹಿತಿ.

ಇಷ್ಟರಲ್ಲಿ ಓಣಿಯ ಹೆಂಗಸರಿಗೆಲ್ಲ ಹೊಳೆಯ ದಾರಿ ಬಾಯಿಪಾಠವಾಗಿತ್ತು. ಅವರೆಲ್ಲ ಹೋಗಿ ಬರುವಷ್ಟರಲ್ಲಿ ಬಾವಿಯ ಸುತ್ತ ಗಾಡಿಚಕ್ರದ ಗುರುತು ಬಿದ್ದಿರುತ್ತಿತ್ತು. ಬೇಸಗೆಯ ಉರಿಯಲ್ಲೂ ಪಕ್ಕದ ಮೋರಿ ಒದ್ದೆಯಾಗಿರುತ್ತಿತ್ತು. ಕಾವಲುಭಟನನ್ನು ಕೇಳಿದರೆ ಆತ ಆಕಾಶ ನೋಡುತ್ತಿದ್ದ.

ಗಿರಿಯವ್ವನಿಗೆ ನೋವು ಬಂದದ್ದು ಮಟಮಟ ಮಧ್ಯಾಹ್ನ. ಮನೆಯಲ್ಲಿದ್ದುದು ಅರ್ಧ ಕೊಡ ನೀರು. ಅಕ್ಕಪಕ್ಕದವರು ತಮ್ಮ ತಮ್ಮ ಚೊಂಬುಗಳಲ್ಲಿ ಉಳಿದಿದ್ದುದನ್ನು ತಂದು ಹಂಡೆಗೆ ಸುರಿದರು. ಒಬ್ಬಳು ಗಂಡನಿಗೆ ಬಡಿಸಿದ ತಟ್ಟೆಯ ಪಕ್ಕದಲ್ಲಿದ್ದ ಲೋಟವನ್ನೂ ಬಿಡಲಿಲ್ಲ. ಹೆಣ್ಣುಮಗು ಹುಟ್ಟಿತು, ತಾಯಿಯೂ ಉಳಿದಳು. ಮಗುವನ್ನು ಮೀಯಿಸಲು ನೀರಿರಲಿಲ್ಲವಾಗಿ, ದ್ಯಾವಕ್ಕ ಒದ್ದೆ ಬಟ್ಟೆಯಲ್ಲಿ ಅದರ ಮೈ ಒರೆಸಿದಳು. ನಲವತ್ತು ವರ್ಷಗಳಲ್ಲಿ ಅವಳು ಒಂದು ಕೂಸನ್ನೂ ಹಾಗೆ ಮೀಯಿಸದೆ ತಾಯಿಯ ಮಡಿಲಿಗೆ ಕೊಟ್ಟಿರಲಿಲ್ಲ. ಹೊರಗೆ ಬಂದು ಜಗಲಿಯ ಮೇಲೆ ಕೂತು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಚಿಕ್ಕೋಜನ ಮನೆಗೆ ನಡೆದಳು.

"ಇನ್ನೇನಿದ್ರೂ ರಾಜನ್ನೇ ಕೇಳೋದು," ಎಂದಳು.

"ಮೇಲ್ಮನವಿ ಕಲ್ಲು ಆರು ಮೊಳ ಅಕ್ಕ. ಗಾಡಿ ಸಾಲಲ್ಲ, ಉರುಳಿಸ್ಕೊಂಡು ಹೋಗ್ಬೇಕು."

"ಉರುಳಿಸೋಣ."

ಓಣಿಗೆ ಓಣಿಯೇ ಸೇರಿ ಉರುಳಿಸಿತು. ಆಸ್ಥಾನದಲ್ಲಿ ಆ ಕಲ್ಲನ್ನು ಕಂಡು ಮಹಾರಾಜನಿಗೆ ರೋಮಾಂಚನವಾಯಿತು. ಆಸ್ಥಾನ ಕವಿಗಳು ಅಕ್ಷರಗಳ ಗುಂಡುತನವನ್ನು ಹೊಗಳಿದರು. ಸೇನಾಪತಿ ಕಲ್ಲಿನ ಗಟ್ಟಿತನವನ್ನು ಹೊಗಳಿದನು. ರಾಜವೈದ್ಯನು ಹಸುವಿನ ಆರೋಗ್ಯವನ್ನು ಹೊಗಳಿದನು. ಪ್ರಶ್ನೆಯನ್ನು ಓದಿದವನು, ಆಶ್ಚರ್ಯವೆಂಬಂತೆ, ಮಹಾರಾಜನೊಬ್ಬನೇ.

"ಹೌದಲ್ಲ, ಇವರ ಬಾವಿಗೆ ಬೀಗ ಏಕೆ?"

ವಿನಯಭೂಷಣನು ಸಾವಧಾನಯ್ಯನ ಕಡೆ ನೋಡಿದನು. ಸಾವಧಾನಯ್ಯನು ತನ್ನ ಹಿಂದೆ ನೋಡಿದನು. ಅಲ್ಲಿ ಗೋಡೆ ಇತ್ತು.

"ಪ್ರಭು, ಒಂದು ಕಾರ್ಯಪಡೆ ರಚಿಸಿದರೆ..." ಎಂದು ವಿನಯಭೂಷಣನು ರಾಗ ಎಳೆದನು.

"ಬೇಡ. ನಾನೇ ಹೋಗಿ ನೋಡುತ್ತೇನೆ," ಎಂದನು ಮಹಾರಾಜ. ಆತನು ಕೆಟ್ಟವನಲ್ಲ, ಓದುಗರೇ. ಆತನಲ್ಲಿ ಕುತೂಹಲವಿತ್ತು, ಆನೆಯೂ ಇತ್ತು.

ಮೆರವಣಿಗೆ ಬಳೆಗಾರ ಓಣಿಗೆ ಬಂತು. ಬೀಗದ ಕೈ ಎಲ್ಲಿ ಎಂದು ಗದ್ದಲವೆದ್ದಿತು. ಏಳು ಇಲಾಖೆಗಳವರು ತಮ್ಮ ಬಳಿ ಇಲ್ಲವೆಂದು ಪ್ರಮಾಣ ಮಾಡಿದರು. ಕೊನೆಗೆ ಅದು ಸಾವಧಾನಯ್ಯನ ಸೊಂಟದ ಗೊಂಚಲಿನಲ್ಲಿಯೇ 'ಇತರೆ' ಎಂಬ ಚೀಟಿ ಕಟ್ಟಿಸಿಕೊಂಡು ನೇತಾಡುತ್ತಿತ್ತು. ಎಲ್ಲರಿಗಿಂತ ಹೆಚ್ಚು ಬೆರಗಾದವನು ಅವನೇ.

ಜಾಲರಿ ತೆಗೆದರು. ದ್ಯಾವಕ್ಕ ಬಗ್ಗಿ ನೋಡಿದಳು. ಬಾವಿಯಲ್ಲಿ ನೀರು ಕಾಣಲಿಲ್ಲ, ಆಳವೂ ಕಾಣಲಿಲ್ಲ. ಕಟ್ಟೆಯ ಅಂಚಿನವರೆಗೂ ಕಲ್ಲು ತುಂಬಿತ್ತು. ಎಲ್ಲಕ್ಕಿಂತ ಮೇಲಿದ್ದ ಕಲ್ಲಿನ ಅರಿಶಿನ ಇನ್ನೂ ಮಾಸಿರಲಿಲ್ಲ. ಅದರ ನೆತ್ತಿಯ ಮೇಲೊಂದು ಹಸು, ಹಸುವಿನ ಎಡಗೊಂಬು ಸೊಟ್ಟ.

"ಅಯ್ಯೋ, ಇದು ನಂದೇ," ಎಂದ ಚಿಕ್ಕೋಜ.

ಈಗ ಸಾವಧಾನಯ್ಯನಿಗೆ ಎಲ್ಲವೂ ಒಂದೊಂದಾಗಿ ನೆನಪಾಯಿತು. ಪ್ರಶ್ನೆಗಳು ಅರಮನೆಯ ಅಂಗಳವನ್ನು ತುಂಬಿ ಪಟ್ಟದಾನೆ ತಿರುಗಲು ಜಾಗವಿಲ್ಲದಾದಾಗ, ಅವನ್ನು ಆಳವೂ ಸುಭದ್ರವೂ ಶಾಶ್ವತವೂ ಆದ ಸ್ಥಳದಲ್ಲಿ ಇಡಬೇಕೆಂದು ಆಜ್ಞೆಯಾಗಿತ್ತು. ಬಳೆಗಾರ ಓಣಿಯ ಬಾವಿಗಿಂತ ಆಳವಾದ ಸ್ಥಳ ರಾಜಧಾನಿಯಲ್ಲಿರಲಿಲ್ಲ. ಕಲ್ಲು ಇಳಿದಷ್ಟು ನೀರು ಉಕ್ಕಿ ಮೋರಿಗೆ ಹೋಯಿತು. ದ್ಯಾವಕ್ಕ ಬೀಗವೇಕೆಂದು ಕೇಳಿದಾಗಲೆಲ್ಲ ಅವಳ ಬಾವಿಗೆ ಮೂರು ಕಲ್ಲು ಹೆಚ್ಚಾಗುತ್ತಿದ್ದವು.

ದ್ಯಾವಕ್ಕ ಬಗ್ಗಿ ಆ ಸೊಟ್ಟ ಕೊಂಬನ್ನು ಬೆರಳಿನಿಂದ ಮುಟ್ಟಿ ನೋಡಿದಳು. ತನ್ನ ಬಾವಿಯನ್ನು ತಾನೇ ಮುಚ್ಚಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಪಡಬೇಕಾಗಿದ್ದ ಬೇರೆ ಯಾರಿಗೂ ಹಾಗೆನಿಸಲಿಲ್ಲ.

"ಪ್ರಶ್ನೆಯನ್ನು ಇನ್ನೊಮ್ಮೆ ಓದಿ," ಎಂದನು ಮಹಾರಾಜ.

"ನಮ್ಮ ಬಾವಿಗೆ ಬೀಗ ಏಕೆ?" ಎಂದು ಲಿಪಿಕಾರ ಓದಿದನು.

"ಪ್ರಜೆಗಳ ಪ್ರಶ್ನೆಗಳನ್ನು ಕಾಪಾಡಲಿಕ್ಕೆ," ಎಂದು ವಿನಯಭೂಷಣನು ಕೈಜೋಡಿಸಿದನು. "ಪ್ರಭು, ಮೇಲ್ಮನವಿ ಬಂದ ದಿನವೇ, ಸ್ಥಳದಲ್ಲಿಯೇ, ಸಂಪೂರ್ಣ ಉತ್ತರ. ನೆರೆರಾಜ್ಯದಲ್ಲಿ ಇದಕ್ಕೆ ಒಂಬತ್ತು ದಿನ ಹಿಡಿಯುತ್ತದೆ."

ಜಯಘೋಷವೆದ್ದಿತು. ಅಲ್ಲಿಯೇ ಬಾವಿಕಟ್ಟೆಯ ಮೇಲೆ ಮಹಾರಾಜನಿಗೆ ಪಾರದರ್ಶಕ ಸಾರ್ವಭೌಮ ಎಂಬ ಬಿರುದು ತೊಡಿಸಿ, ವಜ್ರದ ಕಿರೀಟದ ಮೇಲೆ ಇನ್ನೊಂದು ಸ್ಫಟಿಕದ ಕಿರೀಟ ಇಟ್ಟರು. ಬಿರುದಾವಳಿ ಹದಿನೈದು ಸಾಲಾಯಿತು.

"ನೀರು?" ಎಂದಳು ದ್ಯಾವಕ್ಕ.

"ತಾಯಿ, ಪ್ರಶ್ನೆಯಲ್ಲಿ ನೀರಿನ ಪ್ರಸ್ತಾಪವಿಲ್ಲ," ಎಂದು ಸಾವಧಾನಯ್ಯನು ಅವಳಿಗೆ ಶಾಲು ಹೊದಿಸಿದನು. "ಅದಕ್ಕೆ ಪ್ರತ್ಯೇಕ ಕಲ್ಲು."

ಆದರೆ ಮಹಾರಾಜನ ಮನಸ್ಸು ಕರಗಿತ್ತು. "ಪಾಪ, ಈಕೆಗೆ ಬೀಗದಿಂದಲ್ಲವೇ ನೋವಾದದ್ದು? ಬೀಗ ತೆಗೆದುಬಿಡಿ," ಎಂದು ಅಪ್ಪಣೆಯಾಯಿತು. ಬೀಗ ತೆಗೆದರು. ಪ್ರಶ್ನೆಗಳಿಗೆ ರಕ್ಷಣೆ ಬೇಕಲ್ಲ, ಅದಕ್ಕಾಗಿ ಅವಳ ಆರು ಮೊಳದ ಮೇಲ್ಮನವಿಯನ್ನೇ ಆನೆಯಿಂದ ನೂಕಿಸಿ ಬಾವಿಯ ಬಾಯಿಗೆ ಮುಚ್ಚಿದರು. ಅಳತೆ ಸರಿಯಾಗಿ ಕೂತಿತು. ಇಂಥ ಯಶಸ್ವಿ ಯೋಜನೆ ಒಂದೇ ಓಣಿಗೆ ಸೀಮಿತವಾಗಬಾರದೆಂದು, ಪ್ರತಿ ಓಣಿಯಲ್ಲೂ ಒಂದೊಂದು ಬಾವಿಯನ್ನು ಪ್ರಶ್ನೆಗಳಿಗೆ ಮೀಸಲಿಡುವ ಆಜ್ಞೆ ಅಂದೇ ಹೊರಟಿತು.

ಎಂಟನೆಯ ದಿನ ಪಕ್ಕದ ಗಾಣಿಗರ ಓಣಿಯ ಹೆಂಗಸರು ದ್ಯಾವಕ್ಕನ ಮನೆಗೆ ಬಂದರು.

"ಅಕ್ಕ, ನಮ್ ಬಾವಿಗೂ ಬೀಗ ಬಿದ್ದೈತೆ. ರಾಜನಿಂದ್ಲೇ ಉತ್ತರ ತಗೊಂಡೋಳು ನೀನು. ಹೆಂಗೆ ಕೇಳೋದು ಅಂತ ನಮಗೂ ಹೇಳ್ಕೊಡು."

ದ್ಯಾವಕ್ಕ ಒಳಗೆ ಹೋಗಿ ಸನ್ಮಾನದ ನಾಲ್ಕು ಶಾಲುಗಳನ್ನೂ ತಂದಳು. ಹಲ್ಲಿನಲ್ಲಿ ಕಚ್ಚಿ ಹರಿದು, ಒಂದೊಂದು ತುಂಡನ್ನೂ ಬಿಗಿಯಾಗಿ ಸುತ್ತಿ, ತಲೆಯ ಮೇಲೆ ಕೊಡ ಕೂರಿಸುವ ಸಿಂಬಿ ಮಾಡಿದಳು. ಬಂದವರಿಗೆಲ್ಲ ಒಂದೊಂದು ಕೊಟ್ಟಳು.

"ಇದನ್ನ ಇಟ್ಕೊಳ್ರವ್ವ," ಎಂದಳು. "ಹೊಳೆ ದೂರ ಐತೆ."